ಜುಲೈ ಕಡಲಿಗೆ ಉಣ್ಣೆ ಟೋಪಿ

ಕ್ಯಾಲಿಫೋರ್ನಿಯಾದ ಕಡಲು ತಣ್ಣಗಿರುತ್ತದೆ. ಬೇಸಿಗೆಯಲ್ಲೂ ತಣ್ಣಗೇ ಇರುತ್ತದೆ. ಊರಿನಿಂದ ಬಂದವರಿಗೆ ನಾನು ಹೇಳುವ ಮೊದಲ ಮಾತು ಇದು. ಅವರು ನಂಬದ ಮೊದಲ ಮಾತೂ ಇದೇ.

ನಾವು ಕುಂದಾಪುರದ ಕಡೆಯವರು. ನಮಗೆ ಕಡಲು ಅಂದರೆ ಸೆಕೆ. ಬೆವರಿಗೆ ಅಂಟಿದ ಅಂಗಿ, ಉಪ್ಪುಗಾಳಿ, ಕಾಲು ಸುಡುವ ಮರಳು. ಗಂಗೊಳ್ಳಿಯಲ್ಲೋ ಮಲ್ಪೆಯಲ್ಲೋ ನೀರಿಗಿಳಿದರೆ ಅದೂ ಬೆಚ್ಚಗೆ, 28 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಇಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದಿಂದ ಸುಮಾರು 25 ಮೈಲಿ ದಕ್ಷಿಣಕ್ಕಿರುವ ಹಾಫ್ ಮೂನ್ ಬೇಯಲ್ಲಿ, ಜುಲೈ ತಿಂಗಳ ನೀರು 11ರಿಂದ 14 ಡಿಗ್ರಿ. ಅದರ ಮೇಲಿಂದ ಬರುವ ಗಾಳಿಯೂ ಹಾಗೇ. ಒಳನಾಡಿನ ಊರಾದ ಸನಿವೇಲ್‌ನಲ್ಲಿ ಮಧ್ಯಾಹ್ನ ಫ್ಯಾನ್ ಹಾಕಿಕೊಂಡು ಕೂತವರಿಗೆ ಒಂದು ಗುಡ್ಡದ ಆಚೆ ಜನ ಮಂಜಿನಲ್ಲಿ ನಡುಗುತ್ತಿದ್ದಾರೆ ಅಂದರೆ ಹೇಗೆ ನಂಬಿಕೆ ಬರಬೇಕು? ನನ್ನ ಅಕ್ಕನ ಗಂಡ ಬಂದಿದ್ದಾಗ ಹಿಂದಿನ ರಾತ್ರಿಯೇ ಹೇಳಿದೆ. "ಬಾವ, ದಪ್ಪ ಜಾಕೆಟ್ ಇಟ್ಟುಕೊಳ್ಳಿ." "ಎಂತಕ್ಕೆ ಮಾರಾಯ, ಜುಲೈ ಅಲ್ವಾ?" ಅಂದರು. ಕೊನೆಗೆ ನನ್ನದೇ ಒಂದು ಜಾಕೆಟನ್ನು ಕಾರಿನಲ್ಲಿ ಹಾಕಿಕೊಂಡು ಹೋದೆ. ಬಂದರಿನಲ್ಲಿ ಕಾರಿನ ಬಾಗಿಲು ತೆಗೆದ ತಕ್ಷಣ ಅವರೇ ಕೈ ಚಾಚಿದರು.

ಪ್ರತಿ ಬೇಸಿಗೆಯಲ್ಲೂ ಯಾರಾದರೂ ಕೇಳುವ ಪ್ರಶ್ನೆ ಇದು: ಬಾಡಿಗೆ ಬೋಟಿನಲ್ಲಿ ಮೀನು ಹಿಡಿಯಲು ಹೋಗುವಾಗ ಏನು ಹಾಕಿಕೊಳ್ಳಬೇಕು, ಏನು ಒಯ್ಯಬೇಕು? ಫೋನಿನಲ್ಲಿ ತುಂಡು ತುಂಡಾಗಿ ಹೇಳುವ ಬದಲು ಒಮ್ಮೆ ಬರೆದುಬಿಡುತ್ತೇನೆ. ಇದು ಹಾಫ್ ಮೂನ್ ಬೇಯ ಪಿಲ್ಲರ್ ಪಾಯಿಂಟ್ ಬಂದರಿನ ಮಾತು. ಫ್ಲೋರಿಡಾಕ್ಕೋ ಹವಾಯಿಗೋ ಹೋಗುವವರಿಗೆ ಇದರಲ್ಲಿ ಅರ್ಧ ಮಾತ್ರ ಅನ್ವಯ.

ಇಲ್ಲಿ ಎರಡು ಥರದ ಬೋಟು ಸಿಗುತ್ತವೆ. ಒಂದು ದೊಡ್ಡದು. ತಲೆಗಿಷ್ಟು ಅಂತ ದುಡ್ಡು ಕೊಟ್ಟು, ಗುರುತಿಲ್ಲದ ಇಪ್ಪತ್ತು ಮೂವತ್ತು ಜನರ ಜೊತೆ ಹೋಗುವುದು. ಇನ್ನೊಂದು ಚಿಕ್ಕದು. ಅದರ ಕ್ಯಾಪ್ಟನ್‌ಗೆ ಕೋಸ್ಟ್ ಗಾರ್ಡ್ ಕೊಟ್ಟಿರುವ ಲೈಸೆನ್ಸಿನ ಪ್ರಕಾರ ಹೆಚ್ಚೆಂದರೆ 6 ಪ್ರಯಾಣಿಕರನ್ನು ಕರೆದೊಯ್ಯಬಹುದು. ಇಡೀ ಬೋಟು ನಿಮ್ಮದೇ. ವಯಸ್ಸಾದವರು, ಮಕ್ಕಳು ಇದ್ದರೆ ಚಿಕ್ಕದೇ ಒಳ್ಳೆಯದು ಅಂತ ಅನಿಸಬಹುದು. ಆದರೆ ಚಿಕ್ಕ ಬೋಟು ಅಲೆಗೆ ಜಾಸ್ತಿ ಕುಣಿಯುತ್ತದೆ, ಕೂರಲು ಬೆಚ್ಚಗಿನ ಒಳಕೋಣೆ ಇರದೆಯೂ ಹೋಗಬಹುದು. ಮೊದಲ ಸಲ ಹೋಗುವವರನ್ನು ನಾನು ದೊಡ್ಡ ಬೋಟಿಗೇ ಕರೆದೊಯ್ಯುವುದು. ಗಾಳದ ಕೋಲು, ರೀಲು, ಸೀಸದ ಗುಂಡು, ಎರೆ ಎಲ್ಲ ಬೋಟಿನಲ್ಲೇ ಸಿಗುತ್ತದೆ. ಅದಕ್ಕಾಗಿ ಏನೂ ಕೊಳ್ಳಬೇಕಾಗಿಲ್ಲ. ಆ ದುಡ್ಡಿನಲ್ಲಿ ಒಂದು ಒಳ್ಳೆಯ ಮಳೆಕೋಟು ತೆಗೆದುಕೊಳ್ಳಿ.

ಈ ಚಳಿ ಎಲ್ಲಿಂದ ಬಂತು ಅಂತ ಗೊತ್ತಾದರೆ ಅದರ ಮೇಲೆ ಪ್ರೀತಿ ಬರುತ್ತದೆ, ಹಾಗಾಗಿ ಹೇಳುತ್ತೇನೆ. ವಸಂತದಿಂದ ಬೇಸಿಗೆಯವರೆಗೆ ಇಲ್ಲಿ ವಾಯುವ್ಯ ದಿಕ್ಕಿನ ಗಾಳಿ ಕರಾವಳಿಯ ಉದ್ದಕ್ಕೂ ಬೀಸುತ್ತಲೇ ಇರುತ್ತದೆ. ಆ ಗಾಳಿ ಮತ್ತು ಭೂಮಿಯ ತಿರುಗುವಿಕೆ ಸೇರಿ ಮೇಲಿನ ನೀರನ್ನು ದಡದಿಂದ ಆಚೆಗೆ ತಳ್ಳುತ್ತವೆ. ಖಾಲಿಯಾದ ಜಾಗಕ್ಕೆ ಆಳದ ತಣ್ಣೀರು ಮೇಲೆ ಬರುತ್ತದೆ. ಜೊತೆಗೆ ತಳದಲ್ಲಿ ಕೂತಿದ್ದ ಸತ್ವವನ್ನೂ ತರುತ್ತದೆ. ಅದರಿಂದ ಕಣ್ಣಿಗೆ ಕಾಣದ ಪಾಚಿ, ಪಾಚಿಯಿಂದ ಸಣ್ಣ ಸೀಗಡಿಯಂಥ ಕ್ರಿಲ್, ಅದರಿಂದ ಮೀನು, ಮೀನಿನ ಹಿಂದೆ ತಿಮಿಂಗಿಲ. ಅದೇ ತಣ್ಣೀರಿನ ಮೇಲೆ ತೇವದ ಗಾಳಿ ಹಾದುಹೋದಾಗ ಮಂಜು ಕಟ್ಟುತ್ತದೆ. ನಮ್ಮ ಪಶ್ಚಿಮ ಕರಾವಳಿಯಲ್ಲೂ ಮಳೆಗಾಲದಲ್ಲಿ ಆಳದ ನೀರು ಮೇಲೇಳುತ್ತದೆ. ಬೂತಾಯಿ, ಬಂಗುಡೆ ಹಿಂಡು ಹಿಂಡಾಗಿ ಸಿಗುವುದಕ್ಕೆ ಅದೂ ಒಂದು ಕಾರಣ. ಅಂದರೆ ಹಾಫ್ ಮೂನ್ ಬೇಯಲ್ಲಿ ನಿಮ್ಮ ಹಲ್ಲು ಕಟಕಟ ಅನ್ನಿಸುವ ಚಳಿಯೇ ನಿಮ್ಮ ಗಾಳಕ್ಕೆ ಮೀನು ಕಳಿಸುವುದು. ಬೆಚ್ಚಗಿನ ದಿನ ಸಿಗಲಿ ಅಂತ ಕಾಯುವುದಕ್ಕಿಂತ ಬೆಚ್ಚಗೆ ಉಡುವುದು ಜಾಣತನ.

ಮೈಗೆ ತಾಗುವ ಬಟ್ಟೆ ಹತ್ತಿಯದಾಗದಿರಲಿ. ಊರಿನಲ್ಲಿ ಹತ್ತಿಯೇ ಸುಖ, ನಿಜ. ಆದರೆ ಹತ್ತಿ ನೆನೆದರೆ ಒಣಗುವುದಿಲ್ಲ, ಮೈಯ ಶಾಖವನ್ನೆಲ್ಲ ಎಳೆದುಬಿಡುತ್ತದೆ. ಬೋಟಿನಲ್ಲಿ ನೆನೆಯದೆ ಇರುವುದು ಕಷ್ಟ. ಅಲೆಯ ಸಿಂಚನ, ಮಂಜು, ಮೀನು ಎಳೆಯುವಾಗ ಬರುವ ಬೆವರು, ಮೂರೂ ಇರುತ್ತವೆ. ತೆಳ್ಳಗಿನ ಉಣ್ಣೆಯದೋ, ಓಡುವವರು ಹಾಕಿಕೊಳ್ಳುವ ಪಾಲಿಯೆಸ್ಟರಿನದೋ ಒಂದು ಉದ್ದ ತೋಳಿನ ಬನಿಯನ್. ಅದರ ಮೇಲೆ ಸ್ವೆಟರ್ ಅಥವಾ ಫ್ಲೀಸ್. ಎಲ್ಲಕ್ಕಿಂತ ಮೇಲೆ ಗಾಳಿ, ನೀರು ಎರಡನ್ನೂ ತಡೆಯುವ ಮಳೆಕೋಟು, ತಲೆಗೆ ಮುಸುಕು ಇರುವಂಥದ್ದು. ಒಂದು ದಪ್ಪ ಕೋಟಿಗಿಂತ ಮೂರು ತೆಳು ಪದರ ಮೇಲು. ಹನ್ನೊಂದು ಗಂಟೆಗೆ ಮಂಜು ಕರಗಿ ಬಿಸಿಲು ಬಂದರೆ ಒಂದೊಂದೇ ಕಳಚಬಹುದು. ಮಧ್ಯಾಹ್ನ ಗಾಳಿ ಎದ್ದಾಗ ಮತ್ತೆ ಹಾಕಿಕೊಳ್ಳಬಹುದು. ಇಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಜೋರಾಗುವುದೇ ಜಾಸ್ತಿ. ಬೋಟುಗಳು ಬೆಳಗಿನ ಜಾವ ಹೊರಟು ಎರಡು ಮೂರು ಗಂಟೆಗೆಲ್ಲ ಮರಳುವುದು ಅದಕ್ಕೇ.

ಜೀನ್ಸ್ ಬೇಡ. ಒಮ್ಮೆ ನೆನೆದರೆ ಮುಗಿಯಿತು, ಇಡೀ ದಿನ ಒದ್ದೆ ಮೂಟೆ ಹೊತ್ತಂತೆ. ಬೇಗ ಒಣಗುವ ಪ್ಯಾಂಟು, ಅದರ ಮೇಲೆ ಮಳೆಪ್ಯಾಂಟು. ಮೀನುಗಾರರು ಹಾಕುವ ಭುಜಕ್ಕೆ ಪಟ್ಟಿ ಇರುವ ಕಿತ್ತಳೆ ಬಣ್ಣದ ಪ್ಯಾಂಟು ನೋಡಲು ಚೆಂದ, ಎದೆಯವರೆಗೂ ಒಣಗಿಡುತ್ತದೆ. ಆದರೆ ಹೆಂಗಸರಿಗೆ ಒಂದು ಮಾತು. ಬೋಟಿನ ಶೌಚಾಲಯ ತೀರಾ ಚಿಕ್ಕದು, ಅಲ್ಲಿ ಎಲ್ಲವೂ ಅಲುಗಾಡುತ್ತಿರುತ್ತದೆ. ಭುಜದ ಪಟ್ಟಿ ಬಿಚ್ಚಿ, ಮೇಲಿನ ಕೋಟು ಕಳಚಿ, ಒಂದು ಕೈಯಲ್ಲಿ ಗೋಡೆ ಹಿಡಿದು... ಸುಲಭವಲ್ಲ. ಸೊಂಟಕ್ಕೆ ಎಲಾಸ್ಟಿಕ್ ಇರುವ ಮಳೆಪ್ಯಾಂಟೇ ಸರಿ. ಈ ಕಷ್ಟಕ್ಕೆ ಹೆದರಿ ಬೆಳಗ್ಗೆಯಿಂದ ನೀರು ಕುಡಿಯದೆ ಕೂತವರನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ, ತಲೆಸುತ್ತು ಇನ್ನೂ ಜಾಸ್ತಿಯಾಗುತ್ತದೆ.

ಕಾಲಿಗೆ ರಬ್ಬರ್ ಬೂಟು. ಇಲ್ಲದಿದ್ದರೆ ಹಿಡಿತ ಚೆನ್ನಾಗಿರುವ, ಬೆರಳು ಮುಚ್ಚುವ ಶೂ. ಚಪ್ಪಲಿ ಖಂಡಿತ ಬೇಡ. ಡೆಕ್ ಮೇಲೆ ನೀರು, ಮೀನಿನ ಲೋಳೆ, ಯಾರದೋ ಬಿದ್ದ ಗಾಳ, ಎಲ್ಲ ಇರುತ್ತವೆ. ಇಲ್ಲಿ ಮುಖ್ಯವಾಗಿ ಸಿಗುವ ರಾಕ್‌ಫಿಶ್‌ನ ಬೆನ್ನಿನ ಮುಳ್ಳುಗಳಲ್ಲಿ ಸ್ವಲ್ಪ ವಿಷವೂ ಇದೆ. ಚುಚ್ಚಿದರೆ ಪ್ರಾಣಕ್ಕೇನೂ ಅಪಾಯವಿಲ್ಲ, ಆದರೆ ಚೆನ್ನಾಗಿ ಉರಿಯುತ್ತದೆ. ತಡೆಯುವಷ್ಟು ಬಿಸಿಯಾದ ನೀರಿನಲ್ಲಿ ಅದ್ದಿಟ್ಟರೆ ನೋವು ಇಳಿಯುತ್ತದೆ. ಒಂದು ಜೊತೆ ಒಣ ಕಾಲುಚೀಲ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಿ. ಮರಳುವ ಹೊತ್ತಿಗೆ ಅದರ ಬೆಲೆ ಗೊತ್ತಾಗುತ್ತದೆ.

ಬಳೆ, ಉಂಗುರ ಮನೆಯಲ್ಲೇ ಇರಲಿ. ಕರಿಮಣಿ ಸರ ತೆಗೆಯಲು ಮನಸ್ಸು ಬಾರದಿದ್ದರೆ ಬನಿಯನ್ ಒಳಗೆ ಸೇರಿಸಿ. ಉದ್ದ ಕೂದಲನ್ನು ಜಡೆ ಹಾಕಿ ಕೋಟಿನ ಒಳಗೆ ಬಿಡಿ. ದುಪಟ್ಟಾ, ಜೋತಾಡುವ ಮಫ್ಲರ್ ಎರಡೂ ಬೇಡ. ಸುತ್ತುವ ರೀಲಿಗೆ ಏನು ಸಿಕ್ಕರೂ ಎಳೆದುಕೊಳ್ಳುತ್ತದೆ. ಕಿವಿ ಮುಚ್ಚುವ ಉಣ್ಣೆ ಟೋಪಿ ಒಂದು, ಬಿಸಿಲಿಗೆ ದಾರ ಕಟ್ಟಿದ ಅಂಚಿನ ಟೋಪಿ ಒಂದು. ದಾರ ಇಲ್ಲದ ಟೋಪಿ ಕಡಲಿನ ಪಾಲು. ಪೋಲರೈಸ್ಡ್ ಕಪ್ಪು ಕನ್ನಡಕ ನೀರಿನ ಹೊಳಪನ್ನು ತಡೆಯುತ್ತದೆ. ಪಕ್ಕದವರ ಗಾಳವೋ ಸೀಸದ ಗುಂಡೋ ಹಾರಿ ಬಂದರೆ ಕಣ್ಣನ್ನೂ ಕಾಯುತ್ತದೆ. ಸನ್‌ಸ್ಕ್ರೀನ್ ಮನೆಯಲ್ಲೇ ಹಚ್ಚಿಕೊಂಡು ಕೈ ತೊಳೆಯಿರಿ. ಮಂಜಿದ್ದರೂ ಹಚ್ಚಬೇಕು, ಮಂಜಿನೊಳಗಿಂದಲೂ ಚರ್ಮ ಸುಡುತ್ತದೆ. ನೀರು ಕೆಳಗಿನಿಂದ ಬೆಳಕು ಎರಚುವುದರಿಂದ ಗದ್ದದ ಕೆಳಗೂ ಹಚ್ಚಿ.

ಇನ್ನು ಹೊಟ್ಟೆಯ ವಿಚಾರ, ಅಂದರೆ ಅಲೆಯ ಕುಣಿತಕ್ಕೆ ಬರುವ ತಲೆಸುತ್ತು, ವಾಂತಿ. ಇದರ ಬಗ್ಗೆ ಜನ ನಾಚಿಕೊಳ್ಳುತ್ತಾರೆ. ನಾಚಿಕೆಗೆ ಇದರಲ್ಲಿ ಏನೂ ಇಲ್ಲ. ಆಗುಂಬೆ ಘಾಟಿಯ ತಿರುವುಗಳಲ್ಲಿ ಕಿಟಕಿ ಪಕ್ಕ ಆರಾಮಾಗಿ ನಿದ್ದೆ ಮಾಡಿದವರೂ ಪೆಸಿಫಿಕ್‌ನ ಉದ್ದ ಅಲೆಗೆ ಬಿಳಿಚಿಕೊಳ್ಳುತ್ತಾರೆ. ಕಣ್ಣು ಒಂದು ಹೇಳುತ್ತದೆ, ಒಳಕಿವಿ ಇನ್ನೊಂದು ಹೇಳುತ್ತದೆ, ಮೆದುಳು ಗೊಂದಲಕ್ಕೆ ಬೀಳುತ್ತದೆ. ಧೈರ್ಯಕ್ಕೂ ಇದಕ್ಕೂ ಸಂಬಂಧವಿಲ್ಲ. ನಮ್ಮೂರಿನ ಕಡಲಿನಲ್ಲಿ ಬೆಳೆದವರಿಗೂ ಆಗುತ್ತದೆ. ಬಂದರಿನ ಕಲ್ಲುಗೋಡೆ ದಾಟಿದ ಮೊದಲ ಗಂಟೆಯಲ್ಲೇ ಬಹಳ ಜನರಿಗೆ ತೊಂದರೆ ಶುರುವಾಗುವುದು. ಮಾತ್ರೆ ಆಗ ನುಂಗಿದರೆ ತಡವಾಯಿತು.

ಇಲ್ಲಿನ ಔಷಧಿ ಅಂಗಡಿಗಳಲ್ಲಿ ಚೀಟಿ ಇಲ್ಲದೆ ಮೆಕ್ಲಿಜಿನ್ ಮಾತ್ರೆ ಸಿಗುತ್ತದೆ. ಬೋಟು ಹತ್ತುವ ಒಂದು ಗಂಟೆ ಮೊದಲಾದರೂ ತೆಗೆದುಕೊಳ್ಳಬೇಕು. ಡ್ರಾಮಮೈನ್ ಹೆಸರಿನಲ್ಲಿ ಸಿಗುವ ಹಳೆಯ ಡೈಮೆನ್‌ಹೈಡ್ರಿನೇಟ್ ಕೂಡ ಕೆಲಸ ಮಾಡುತ್ತದೆ, ಆದರೆ ನಿದ್ದೆ ಜಾಸ್ತಿ. ಕಿವಿಯ ಹಿಂದೆ ಅಂಟಿಸುವ ಸ್ಕೋಪಲಮಿನ್ ಪಟ್ಟಿಗೆ ವೈದ್ಯರ ಚೀಟಿ ಬೇಕು. ಅದನ್ನು ಕನಿಷ್ಠ 4 ಗಂಟೆ ಮೊದಲೇ ಅಂಟಿಸಬೇಕು, ಮುಟ್ಟಿದ ಕೈಯನ್ನು ತೊಳೆಯದೆ ಕಣ್ಣು ಉಜ್ಜಬಾರದು. ಗ್ಲಾಕೋಮಾ ಅನ್ನುವ ಕಣ್ಣಿನ ಕಾಯಿಲೆ ಇರುವವರು, ದಿನಾ ಬೇರೆ ಔಷಧಿ ತೆಗೆದುಕೊಳ್ಳುವವರು, ಅದರಲ್ಲೂ ನಮ್ಮ ಹಿರಿಯರು, ವೈದ್ಯರನ್ನು ಕೇಳದೆ ಇದ್ಯಾವುದನ್ನೂ ಮುಟ್ಟಬೇಡಿ. ಯಾವ ಮಾತ್ರೆಯೇ ಆಗಲಿ, ಮನೆಯಲ್ಲಿರುವ ಒಂದು ದಿನ ತೆಗೆದುಕೊಂಡು ಮೈಗೆ ಹೇಗಾಗುತ್ತದೆ ಅಂತ ನೋಡಿಬಿಡಿ.

ಖಾಲಿ ಹೊಟ್ಟೆಯಲ್ಲಿ ಹೋದರೆ ವಾಂತಿ ಆಗುವುದಿಲ್ಲ ಅನ್ನುವುದು ಸುಳ್ಳು. ಎರಡು ಇಡ್ಲಿ ಒಳ್ಳೆಯದು. ಪೂರಿ ಬೇಡ. ಬೋಟಿನಲ್ಲಿ ನಡುಭಾಗದಿಂದ ಹಿಂದಕ್ಕೆ ನಿಲ್ಲಿ, ಅಲ್ಲಿ ಎತ್ತಾಟ ಕಡಿಮೆ. ಡೀಸೆಲ್ ಹೊಗೆ ಬರುವ ಕಡೆ ನಿಲ್ಲಬೇಡಿ. ಕಣ್ಣು ದೂರದ ಬಾನಂಚಿನ ಮೇಲಿರಲಿ. ಫೋನು ನೋಡಿದರೆ ಕೆಟ್ಟಿತು. ತಲೆಸುತ್ತು ಬಂದಾಗ ಒಳಗೆ ಹೋಗಿ ಮಲಗೋಣ ಅನಿಸುತ್ತದೆ, ಆದರೆ ತಂಪು ಗಾಳಿ ಇರುವ ಹೊರಗೇ ಇರಿ. ಶುಂಠಿ ಚೂರು ಬಾಯಲ್ಲಿ ಇಟ್ಟುಕೊಳ್ಳಿ, ನಮ್ಮ ಹಳೆಯ ಅಭ್ಯಾಸದಂತೆ ನಿಂಬೆಹಣ್ಣು ಮೂಸಿ. ಹಾಗೂ ವಾಂತಿ ಬಂದರೆ ಗಾಳಿ ಹೋಗುವ ಕಡೆಯ ಕಟಾಂಜನ ಹಿಡಿದು ಕಡಲಿಗೇ ಮಾಡಿ. ಶೌಚಾಲಯದಲ್ಲಿ ಬೇಡ. ಡೆಕ್ಕಿನಲ್ಲಿ ಕೆಲಸ ಮಾಡುವ ಹುಡುಗರು ಇದನ್ನು ದಿನಾ ನೋಡುತ್ತಾರೆ, ಯಾರೂ ನಗುವುದಿಲ್ಲ.

ಚಳಿ ಮತ್ತು ಹೊಟ್ಟೆ, ಇವೆರಡರ ಬಗ್ಗೆ ಇಷ್ಟು ಉದ್ದ ಬರೆದದ್ದಕ್ಕೆ ಕಾರಣವಿದೆ. ಮೈ ನಡುಗುತ್ತಿದ್ದರೆ, ಹೊಟ್ಟೆ ತೊಳಸುತ್ತಿದ್ದರೆ, ಮನುಷ್ಯನಿಗೆ ತನ್ನ ಮೈಯೊಂದೇ ಕಾಣುತ್ತದೆ. ಪಕ್ಕದಲ್ಲೇ ಹಂಪ್‌ಬ್ಯಾಕ್ ತಿಮಿಂಗಿಲ ಉಸಿರು ಬಿಟ್ಟರೂ ತಲೆ ಎತ್ತುವುದಿಲ್ಲ. ಅಷ್ಟು ದೂರದಿಂದ ಬಂದು, ಅಷ್ಟು ದುಡ್ಡು ಕೊಟ್ಟು, ವಾಚು ನೋಡುತ್ತಾ ಕೂತವರನ್ನು ಕಂಡು ನನಗೆ ನಿಜಕ್ಕೂ ಸಂಕಟವಾಗಿದೆ. ಸರಿಯಾದ ಕೋಟು ಹಾಕಿಕೊಂಡ ನನ್ನ ಬಾವ ಅವತ್ತು ಮೀನಿನ ನೆನಪನ್ನೂ ಬಿಟ್ಟು, ಪೆಲಿಕನ್‌ಗಳು ನೀರಿಗೆ ಎರಗುವುದನ್ನು ನೋಡುತ್ತಾ ನಿಂತಿದ್ದರು. ಆ ಪುಣ್ಯ ಎಲ್ಲರಿಗೂ ಸಿಗಲಿ ಅಂತ ನನ್ನ ಆಸೆ.

ಊಟಕ್ಕೆ ಒಂದೇ ಕೈಯಲ್ಲಿ ತಿನ್ನುವಂಥದ್ದು ಒಯ್ಯಿರಿ. ಕೈಗೆಲ್ಲ ಎರೆಯ ವಾಸನೆ ಇರುತ್ತದೆ, ತಟ್ಟೆ ಚಮಚ ಇಡಲು ಜಾಗವಿಲ್ಲ. ಪಲ್ಯ ಹಾಕಿ ಸುತ್ತಿದ ಚಪಾತಿಯನ್ನು ಕಾಗದದಲ್ಲಿ ಮಡಿಸಿದರೆ ಕಾಗದ ಹಿಡಿದೇ ತಿನ್ನಬಹುದು. ಫ್ಲಾಸ್ಕಿನಲ್ಲಿ ಬಿಸಿ ಕಷಾಯ. ಬಾಳೆಹಣ್ಣು ಮಾತ್ರ ಬೇಡ. ಇಲ್ಲಿನ ಬೋಟಿನವರಲ್ಲಿ ಬಾಳೆಹಣ್ಣು ಅಪಶಕುನ ಅನ್ನುವ ಬಲವಾದ ನಂಬಿಕೆ ಇದೆ. ಬಾಳೆಹಣ್ಣು ಹತ್ತಿದರೆ ಮೀನು ಬೀಳುವುದಿಲ್ಲ ಅನ್ನುತ್ತಾರೆ. ಹೂವು ಹಣ್ಣು ಅಂದರೆ ಬಾಳೆಹಣ್ಣೇ ಮೊದಲು ನೆನಪಾಗುವ ನಮಗೆ ಇದು ವಿಚಿತ್ರ ಅನಿಸುತ್ತದೆ. ಆದರೆ ನಮ್ಮ ಮೀನುಗಾರರೂ ಶ್ರಾವಣದ ಹುಣ್ಣಿಮೆಗೆ ಸಮುದ್ರಪೂಜೆ ಮಾಡಿ, ಹಾಲು ತೆಂಗಿನಕಾಯಿ ಅರ್ಪಿಸುತ್ತಾರೆ ಅಲ್ವಾ? ಕಡಲಿಗೆ ಹೋಗಿ ಬದುಕುವವರ ನಂಬಿಕೆಗೆ ಕಾರಣ ಕೇಳಲು ನನಗೆ ಮನಸ್ಸಾಗುವುದಿಲ್ಲ. ಅವರ ಬೋಟು, ಅವರ ರೀತಿ.

ಉಳಿದ ಸಾಮಾನು ಕಡಿಮೆ. 16 ವರ್ಷ ತುಂಬಿದ ಪ್ರತಿಯೊಬ್ಬರಿಗೂ ಕ್ಯಾಲಿಫೋರ್ನಿಯಾದ ಮೀನು ಹಿಡಿಯುವ ಲೈಸೆನ್ಸ್ ಬೇಕು, ಊರಿನಿಂದ ಪ್ರವಾಸಕ್ಕೆ ಬಂದವರಿಗೂ ಬೇಕು. ಒಂದು ದಿನದ್ದು ಸಿಗುತ್ತದೆ. ಮೆತ್ತಗಿನ ಸಣ್ಣ ಚೀಲ ಸಾಕು. ಸೂಟ್‌ಕೇಸಿನಂಥದ್ದು ಬೇಡ. ಮಂಜುಗಡ್ಡೆ ತುಂಬಿದ ದೊಡ್ಡ ಕೂಲರನ್ನು ಕಾರಿನಲ್ಲೇ ಇಟ್ಟು ಬನ್ನಿ. ಬೋಟಿನಲ್ಲಿ ನಿಮ್ಮ ಮೀನಿಗೆ ನಂಬರ್ ಇರುವ ಗೋಣಿಚೀಲ ಕೊಡುತ್ತಾರೆ. ಹಿಂದಿನ ರಾತ್ರಿ ಫೋನು ಚಾಲೂ ಇರಲಿ. ಗಾಳಿ ಜೋರಿದ್ದರೆ ಕ್ಯಾಪ್ಟನ್ ಟ್ರಿಪ್ ರದ್ದು ಮಾಡಬಹುದು. ಹವಾಮಾನದ ಪುಟ ನೋಡುವವರು ಅಲೆಯ ಎತ್ತರ ಮಾತ್ರ ನೋಡಬೇಡಿ, ಎರಡು ಅಲೆಗಳ ನಡುವಿನ ಸೆಕೆಂಡು ನೋಡಿ. 14 ಸೆಕೆಂಡಿಗೊಮ್ಮೆ ಬರುವ 7 ಅಡಿಯ ಅಲೆ ನಿಧಾನಕ್ಕೆ ಎತ್ತಿ ಇಳಿಸುತ್ತದೆ. 6 ಸೆಕೆಂಡಿಗೊಮ್ಮೆ ಬರುವ 5 ಅಡಿಯ ಅಲೆ ಮೈಯೆಲ್ಲ ಜಜ್ಜುತ್ತದೆ. ನಮ್ಮೂರಿನಲ್ಲಿ ಬೋಟು ನಡೆಸುವ ತಾಂಡೇಲ ಬೇಡ ಅಂದ ದಿನ ಯಾರೂ ಬಲೆ ಎತ್ತುವುದಿಲ್ಲ. ಇಲ್ಲೂ ಹಾಗೇ, ಕ್ಯಾಪ್ಟನ್ ಬೇಡ ಅಂದರೆ ವಾದ ಮಾಡಬೇಡಿ.

ನಗದು ಇರಲಿ. ಗಾಳ ಬಿಡಿಸುವುದು, ಎರೆ ಕಟ್ಟುವುದು, ಮೀನು ಶುಚಿ ಮಾಡುವುದು ಎಲ್ಲ ಮಾಡುವ ಡೆಕ್‌ಹ್ಯಾಂಡ್‌ಗೆ ಟಿಕೆಟ್ ದುಡ್ಡಿನ 15ರಿಂದ 20 ಶೇಕಡಾ ಟಿಪ್ಸ್ ಕೊಡುವುದು ಇಲ್ಲಿನ ರೂಢಿ. ನಮ್ಮವರು ಇದರಲ್ಲಿ ಕೈ ಬಿಗಿ ಮಾಡುವುದುಂಟು. ದಯವಿಟ್ಟು ಮಾಡಬೇಡಿ. ಬರಗಾಲದಿಂದ ನದಿಗಳು ಬತ್ತಿ ಬಿಸಿಯಾಗಿ, ಅಲ್ಲಿ ಮರಿಯಾಗುವ ಸಾಲ್ಮನ್ ಮೀನಿನ ಸಂತತಿ ತೀರಾ ಕುಸಿದು, 2023 ಮತ್ತು 2024ರಲ್ಲಿ ಕ್ಯಾಲಿಫೋರ್ನಿಯಾದ ಕಡಲಿನಲ್ಲಿ ಸಾಲ್ಮನ್ ಹಿಡಿಯುವುದನ್ನೇ ಪೂರ್ತಿ ನಿಲ್ಲಿಸಿದರು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನದ ಮೀನುಗಾರಿಕೆ ರಜೆಯಲ್ಲೇ ನಮ್ಮ ಕರಾವಳಿಯ ಮನೆಗಳು ಹೇಗೆ ದುಡ್ಡು ಎಣಿಸುತ್ತವೆ ಅಂತ ನಮಗೆ ಗೊತ್ತು. ಇವರಿಗೆ ಸಾಲ್ಮನ್‌ನಿಂದ ಬರುವ ಸಂಪಾದನೆ ಎರಡು ವರ್ಷ ನಿಂತುಹೋಯಿತು.

ರಾಕ್‌ಫಿಶ್ ಒಬ್ಬರಿಗೆ ದಿನಕ್ಕೆ ಹೆಚ್ಚೆಂದರೆ 10. ಯಾವ ತಿಂಗಳು, ಎಷ್ಟು ಆಳದಲ್ಲಿ, ಯಾವ ಜಾತಿ ಅನ್ನುವ ನಿಯಮ ವರ್ಷ ವರ್ಷ ಬದಲಾಗುತ್ತದೆ, ಹೊರಡುವ ಮೊದಲು ರಾಜ್ಯದ ಮೀನುಗಾರಿಕೆ ಇಲಾಖೆಯ ಪ್ರಕಟಣೆ ನೋಡಿ. ಹಳದಿ ಕಣ್ಣಿನ ಯೆಲ್ಲೋಐ ಜಾತಿಯ ರಾಕ್‌ಫಿಶ್ ಸಿಕ್ಕರೆ ಇಟ್ಟುಕೊಳ್ಳುವಂತಿಲ್ಲ. ಅದು ನೂರು ವರ್ಷಕ್ಕೂ ಮೀರಿ ಬದುಕುವ ಮೀನು. ಆಳದಿಂದ ಸರ್ರನೆ ಮೇಲೆ ಬಂದಾಗ ಈ ಮೀನುಗಳ ಹೊಟ್ಟೆಯೊಳಗಿನ ಗಾಳಿಚೀಲ ಉಬ್ಬಿ, ಕಣ್ಣು ಹೊರಬರುತ್ತದೆ. ಸುಮ್ನೆ ನೀರಿಗೆ ಎಸೆದರೆ ತೇಲುತ್ತಾ ಸಾಯುತ್ತದೆ. ತೂಕ ಕಟ್ಟಿದ ಕೊಕ್ಕೆಯೊಂದರಲ್ಲಿ ಮತ್ತೆ ಆಳಕ್ಕೆ ಇಳಿಸಿ ಬಿಟ್ಟರೆ ಬದುಕಿಕೊಳ್ಳುವ ಸಾಧ್ಯತೆ ಜಾಸ್ತಿ. ಡೆಕ್‌ಹ್ಯಾಂಡ್ ಅದನ್ನು ಮಾಡುವಾಗ ಮಕ್ಕಳಿಗೆ ತೋರಿಸಿ.

ಕೊನೆಗೆ, ಎರಡು ಮೂರು ಗಟ್ಟಿ ಪ್ಲಾಸ್ಟಿಕ್ ಚೀಲ ಬೇರೆಯೇ ಒಯ್ಯಿರಿ. ಇಲ್ಲಿ ಮೀನು ಶುಚಿ ಮಾಡುವುದು ಅಂದರೆ ಎರಡು ಪಕ್ಕದ ಮಾಂಸ ತೆಗೆದು, ತಲೆ ಮುಳ್ಳನ್ನು ಕಡಲಿಗೆ ಎಸೆಯುವುದು. ನನ್ನ ಚಿಕ್ಕಮ್ಮ ಮೊದಲ ಸಲ ಇದನ್ನು ನೋಡಿ, "ಅಯ್ಯೋ, ತಲೆ ಬಿಸಾಡ್ತಾರಲ್ಲ ಮಾರಾಯ, ಹೇಳು ಅವನಿಗೆ!" ಅಂತ ನನ್ನ ತೋಳು ಹಿಡಿದು ಅಲುಗಿಸಿದರು. ಮೊದಲೇ ಹೇಳಿದರೆ ಇಡೀ ಮೀನನ್ನೇ ಚೀಲಕ್ಕೆ ಹಾಕಿ ಕೊಡುತ್ತಾರೆ. ಜೊತೆಗೆ ಲಿಂಗ್‌ಕಾಡ್ ಅನ್ನುವ ಮೀನು ಸಿಕ್ಕಿ, ಕತ್ತರಿಸಿದಾಗ ಮಾಂಸ ನೀಲಿ ಹಸಿರಾಗಿ ಕಂಡರೆ ಗಾಬರಿಯಾಗಬೇಡಿ. ಕೆಲವು ಹಾಗೇ ಇರುತ್ತವೆ, ಬೆಂದಾಗ ಬೆಳ್ಳಗಾಗುತ್ತದೆ. ರಾಕ್‌ಫಿಶ್ ತಲೆಗೆ ಬ್ಯಾಡಗಿ ಮೆಣಸು, ಕೊತ್ತಂಬರಿ, ಹುಣಸೆ, ತೆಂಗಿನಕಾಯಿ ಅರೆದ ನಮ್ಮ ಸಾರೇ ಸರಿ. ಮಸಾಲೆ ಚೆನ್ನಾಗಿ ಕುದಿದ ಮೇಲೆ ಮೊದಲು ತಲೆ, ಕೊನೆಯಲ್ಲಿ ತುಂಡು ಹಾಕಿ. ಮಾಂಸ ತುಂಬ ಮೆತ್ತಗೆ, ಸೌಟು ತಾಗಿದರೆ ಪುಡಿಯಾಗುತ್ತದೆ. ಪಾತ್ರೆಯ ಎರಡು ಅಂಚು ಹಿಡಿದು ಮೆಲ್ಲಗೆ ಕುಲುಕಿ, ಐದು ನಿಮಿಷಕ್ಕೆ ಒಲೆ ಆರಿಸಿ.